ಹಾಶಿಯಾ ದೊಡ್ಡದಾದಾಗ: ಬಣ್ಣದ ರಾಳದ ಲೇಖನಿಗಳನ್ನು ಕುರಿತು

ಕಳೆದ ರಂಜಾನ್ ಹಬ್ಬಕ್ಕೆ ಅಮೆರಿಕದಿಂದ ಬಂದ ನಮ್ಮ ಅಕ್ಕನ ಮಗ ಒಂದು ಲೇಖನಿಯನ್ನು ತಂದು ಕೈಗಿಟ್ಟ. ಒಹಾಯೋ ರಾಜ್ಯದಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ಹುಡುಗ. "ಮಾಮೂ, ಅಂಗಡಿಯದ್ದಲ್ಲ. ನಾನೇ ಲೇತಿನ ಮೇಲೆ ಕಡೆದದ್ದು" ಎಂದ. ಕಡುನೀಲಿಯೊಳಗೆ ಬಂಗಾರದ ಪುಡಿ ಹೊಗೆಯಂತೆ ಸುತ್ತಿಕೊಂಡು ಹೋಗುವ, ಬೆಳಕಿಗೆ ಹಿಡಿದು ತಿರುಗಿಸಿದರೆ ಒಳಗಿನಿಂದಲೇ ಏನೋ ಚಲಿಸಿದ ಹಾಗೆ ಕಾಣುವ ವಸ್ತು. ಮನೆಯವರೆಲ್ಲ ಕೈಯಿಂದ ಕೈಗೆ ದಾಟಿಸಿ ನೋಡಿದರು. ಕೊನೆಗೆ ಆಪಾ ಅದನ್ನು ನಮಗೆ ವಾಪಸು ಕೊಡುತ್ತ, "ಇದ್ರಲ್ಲಿ ಬರೀಬೇಡ, ಶೋಕೇಸಿನಲ್ಲಿಡು. ಚೆಂದ ಹಾಳಾಗುತ್ತೆ" ಎಂದರು.

ಅವರು ಪ್ರೀತಿಯಿಂದ ಹೇಳಿದ ಮಾತು ಅದು. ಆದರೆ ಲೇಖನಿಯೊಂದರ ಬಗ್ಗೆ ಇದಕ್ಕಿಂತ ಕಠಿಣವಾದ ವಿಮರ್ಶೆ ಇನ್ನೊಂದಿರಲಾರದು ಎಂದು ನಮಗೆ ಆಮೇಲೆ ಅನ್ನಿಸಿತು. ಬರೆದರೆ ಹಾಳಾಗುವ ಲೇಖನಿ! ಚಮಚೆಯನ್ನೋ ಚಪ್ಪಲಿಯನ್ನೋ ಕೊಟ್ಟು ಯಾರಾದರೂ ಹೀಗೆ ಹೇಳುತ್ತಾರೆಯೇ?

ನಾವು ಬರೆದೆವು. ಒಂದು ಕಥೆಯ ಕರಡನ್ನು ಅದರಲ್ಲೇ ಆರಂಭಿಸಿದೆವು. ದಪ್ಪನೆಯ ಚುಟ್ಟಾದಂತಹ ಆಕಾರ. ಹುಡುಗನನ್ನು ಕೇಳಿದರೆ ಆ ಮಾದರಿಯ ಹೆಸರೇ ಸಿಗಾರ್ ಎಂದ. ಭಾರವೆಲ್ಲ ಮೇಲುಗಡೆ. ಕ್ಲಿಪ್ಪು, ತಿರುಗಿಸುವ ಯಂತ್ರ, ಲೋಹದ ಟೋಪಿ ಎಲ್ಲವೂ ತುದಿಯಲ್ಲಿ ಕೂತಿರುವುದರಿಂದ ಲೇಖನಿ ಸದಾ ಹಿಂದಕ್ಕೆ ವಾಲುತ್ತದೆ. ಬೆರಳು ಹಿಡಿಯುವ ಕಡೆ ಗಾಜಿನಂತೆ ನುಣುಪು. ಬೆರಳು ಬೆವರಿದರೆ ಜಾರಿ ಕೆಳಗಿನ ಲೋಹದ ಮೂತಿಗೆ ಬಂದು ನಿಲ್ಲುತ್ತದೆ. ಒಂದೂವರೆ ಪುಟಕ್ಕೆ ಹೆಬ್ಬೆರಳ ಬುಡ ನೋಯತೊಡಗಿತು. ಒಳಗಿರುವುದು ಅಂಗಡಿಯಲ್ಲಿ ಸಿಗುವ ಸಾಮಾನ್ಯ ಬಾಲ್‌ಪೆನ್ನಿನ ಕಡ್ಡಿ. ಕಣ್ಣಿಗೆ ಅಷ್ಟು ಕೊಟ್ಟ ವಸ್ತು ಕೈಗೆ ಇಷ್ಟೇ ಏಕೆ ಕೊಟ್ಟಿತು ಎಂಬ ಪ್ರಶ್ನೆಯಿಂದ ಈ ಬರಹ ಹುಟ್ಟಿತು.

ಮೊದಲು ಇಂತಹ ಲೇಖನಿ ತಯಾರಾಗುವ ಬಗೆಯನ್ನು ಹೇಳಬೇಕು. ಅಮೆರಿಕ, ಇಂಗ್ಲೆಂಡುಗಳಲ್ಲಿ ಇದು ಸಾವಿರಾರು ಜನರ ಬಿಡುವಿನ ಕಸುಬು. ನಿವೃತ್ತರು, ಕಚೇರಿ ಕೆಲಸದವರು ಮನೆಯ ಗ್ಯಾರೇಜಿನಲ್ಲಿ ಒಂದು ಪುಟ್ಟ ಲೇತ್ ಇಟ್ಟುಕೊಂಡಿರುತ್ತಾರೆ. ಕಡೆಯಲು ಬೇಕಾದ ತುಂಡನ್ನು ಬ್ಲ್ಯಾಂಕ್ ಎನ್ನುತ್ತಾರೆ. ಸುಮಾರು ಮುಕ್ಕಾಲು ಇಂಚು ಚೌಕದ, ಐದು ಇಂಚು ಉದ್ದದ ಕೋಲು. ಹಿಂದೆ ಮರದ್ದೇ ಹೆಚ್ಚಾಗಿತ್ತು, ಈಗ ರಾಳದ್ದು. ಪಾಲಿಯೆಸ್ಟರ್, ಅಕ್ರಿಲಿಕ್, ಪಾಲಿಯುರೆಥೇನ್ ಎಂದು ರಾಳದಲ್ಲಿ ಜಾತಿಗಳುಂಟು. ದ್ರವವಾಗಿರುವಾಗ ಅದಕ್ಕೆ ಅಭ್ರಕದ ಮಿನುಗುಪುಡಿ, ಬಣ್ಣ ಬೆರೆಸಿ, ಎರಡು ಮೂರು ಬಟ್ಟಲುಗಳಿಂದ ಒಂದೇ ಅಚ್ಚಿಗೆ ಹೊಯ್ದು, ಕಡ್ಡಿಯಿಂದ ಒಮ್ಮೆ ಎಳೆದು ಬಿಡುತ್ತಾರೆ. ಸುಳಿಗಳು ಹುಟ್ಟುವುದು ಆ ಕ್ಷಣದಲ್ಲಿ. ನಂತರ ಅಚ್ಚನ್ನು ಒತ್ತಡದ ಪಾತ್ರೆಯಲ್ಲಿಟ್ಟು ಚದರ ಇಂಚಿಗೆ 40ರಿಂದ 60 ಪೌಂಡಿನಷ್ಟು ಗಾಳಿ ತುಂಬುತ್ತಾರೆ. ಗುಳ್ಳೆಗಳು ಕಣ್ಣಿಗೆ ಕಾಣದಷ್ಟು ಕುಗ್ಗಿ, ಹಾಗೆಯೇ ಗಟ್ಟಿಯಾಗುತ್ತವೆ. ಪಾಲಿಯುರೆಥೇನಿಗೆ ಒಂದಿಷ್ಟು ತೇವ ತಾಗಿದರೂ ನೊರೆಯೇಳುತ್ತದೆ. ಆದ್ದರಿಂದ ರಾಳ ಹೊಯ್ಯುವುದೇ ಒಂದು ಬೇರೆ ವಿದ್ಯೆ. ಹೊಯ್ಯುವವರು ಬೇರೆ, ಕೊಂಡು ಕಡೆಯುವವರು ಬೇರೆ. ನಮ್ಮ ಹುಡುಗ ಎರಡನೆಯ ವರ್ಗದವನು.

ಕಡೆಯುವವನು ಬ್ಲ್ಯಾಂಕನ್ನು ಕತ್ತರಿಸಿ, ನಡುವೆ ರಂಧ್ರ ಕೊರೆಯುತ್ತಾನೆ. ತೆಳು ಲೇಖನಿಗಾದರೆ 7 ಮಿಲಿಮೀಟರ್, ಸಿಗಾರಿಗಾದರೆ 10. ಬೈರಿಗೆ ಬಿಸಿಯಾದರೆ ರಾಳ ಕರಗಿ ಅಂಟುತ್ತದೆ, ಅವಸರ ಮಾಡಿದರೆ ಕೊನೆಯಲ್ಲಿ ಸಿಡಿದು ಒಡೆಯುತ್ತದೆ. ರಂಧ್ರದೊಳಗೆ ಹಿತ್ತಾಳೆಯ ಕೊಳವೆ ಅಂಟಿಸಬೇಕು. ರಾಳ ಅರೆಪಾರದರ್ಶಕವಾದರೆ ಆ ಹಿತ್ತಾಳೆ ಹೊರಗೆ ಕಾಣುತ್ತದೆ ಎಂದು ರಂಧ್ರದ ಒಳಗೋಡೆಗೇ ಬಣ್ಣ ಬಳಿಯುತ್ತಾರೆ! ಯಾರೂ ನೋಡದ ಜಾಗಕ್ಕೆ ಬಳಿದ ಆ ಬಣ್ಣದಿಂದ ಹೊರಗಿನ ನೀಲಿಗೆ ಆಳ ಬರುತ್ತದೆ. ಈ ಒಂದು ಹೆಜ್ಜೆ ನಮಗೆ ಬಹಳ ಹಿಡಿಸಿತು. ಆಮೇಲೆ ತುದಿಗಳನ್ನು ಸಮ ಮಾಡಿ, ಸಲಾಕೆಗೆ ಪೋಣಿಸಿ, ಲೇತಿಗೆ ಕಟ್ಟಿ ಉಳಿ ಹಿಡಿಯುವುದು. ಪಾಲಿಯೆಸ್ಟರ್ ಪೆಡಸು. ಉಳಿಯ ಕೋನ ಒಂದಿಷ್ಟು ತಪ್ಪಿದರೆ ಚಕ್ಕೆ ಹಾರಿ ಎರಡು ಗಂಟೆಯ ಕೆಲಸ ಕಸದಬುಟ್ಟಿಗೆ. ಕೊನೆಗೆ ನೀರಿನಲ್ಲಿ ಅದ್ದಿದ ನಯವಾದ ಉಜ್ಜುಪಟ್ಟಿಗಳಿಂದ 1500ರಿಂದ 12000 ನಂಬರಿನವರೆಗೆ ಒಂಬತ್ತು ಸಲ ಉಜ್ಜಿ, ಪಾಲಿಶ್ ಹಚ್ಚಿ, ಕಿಟ್ಟಿನಲ್ಲಿ ಬಂದ ಲೋಹದ ಭಾಗಗಳನ್ನು ಒತ್ತಿ ಕೂಡಿಸಿದರೆ ಲೇಖನಿ.

ಹುಡುಗನ ಶ್ರಮ ಕಡಿಮೆಯದೇನಲ್ಲ. ಮೊದಲ ಏಳು ಬ್ಲ್ಯಾಂಕುಗಳು ಒಡೆದುಹೋದವು ಎಂದು ಅವನೇ ಹೇಳಿದ. ಆದರೆ ಅವನು ಹೋದ ಮೇಲೆ ನಾವು ಲೇಖನಿಯನ್ನು ಮೇಜಿನ ಮೇಲಿಟ್ಟುಕೊಂಡು ಒಂದು ಲೆಕ್ಕ ಹಾಕಿದೆವು. ಇದರಲ್ಲಿ ಜನ ಮೆಚ್ಚಿದ್ದು ಯಾವುದನ್ನು? ನೀಲಿ ಮತ್ತು ಬಂಗಾರದ ಸುಳಿಯನ್ನು. ಅದು ರಾಳ ಹೊಯ್ದವನದು. ಅವನೂ ಪೂರ್ತಿ ತನ್ನದೆಂದು ಹೇಳಲಾರ, ಅರ್ಧ ಆಕಸ್ಮಿಕದ್ದು. ಬರೆಯುವುದು ಯಾವುದು? ಕಾರ್ಖಾನೆಯ ಕಡ್ಡಿ. ಹಿಡಿತ, ತೂಕ, ಸಮತೋಲ ತೀರ್ಮಾನವಾದದ್ದು ಎಲ್ಲಿ? ಕಿಟ್ಟನ್ನು ರೂಪಿಸಿದ ಕಂಪನಿಯಲ್ಲಿ. ಸಲಾಕೆಯ ಮೇಲಿನ ಲೋಹದ ಬಳೆಗಳೇ ಎಷ್ಟು ದಪ್ಪ ಉಳಿಸಬೇಕೆಂದು ಹೇಳಿಬಿಡುತ್ತವೆ, ಅವುಗಳ ಮಟ್ಟಕ್ಕೆ ಕಡೆದರಾಯಿತು. ಹಾಗಾದರೆ ಕಡೆದವನ ಪಾಲಿಗೆ ಉಳಿದದ್ದು ಎರಡು ಬಳೆಗಳ ನಡುವಿನ ಒಂದು ಸಣ್ಣ ಬಾಗು, ಮತ್ತು ಹೊಳಪು.

ಇದನ್ನು ಅವಹೇಳನಕ್ಕಾಗಿ ಹೇಳುತ್ತಿಲ್ಲ. 'ಕೈಯಿಂದ ಮಾಡಿದ್ದು' ಎಂಬ ಮಾತಿಗೆ ಇಂದು ಮಾರುಕಟ್ಟೆಯಲ್ಲಿ ಬೆಲೆಯಿದೆ. ಆ ಬೆಲೆ ಯಾವ ಕೈಗೆ ಎಂದು ಕೇಳುವುದು ವಿಮರ್ಶೆಯ ಕೆಲಸ. ಯಾವುದೇ ಕೃತಿಯ ಮುಂದೆ ನಾವು ಕೇಳುವ ಪ್ರಶ್ನೆಯೇ ಇಲ್ಲಿಯದೂ: ಇದರಲ್ಲಿ ಕರ್ತೃ ತೀರ್ಮಾನ ಮಾಡಿದ್ದು ಎಲ್ಲಿ?

ಬಣ್ಣ ಬಂದದ್ದೇ ತಪ್ಪು ಎನ್ನುವ ಶುದ್ಧವಾದಿಗಳೂ ಇದ್ದಾರೆ. ನಾವು ಆ ಪಂಗಡದವರಲ್ಲ. ಆರಂಭದ ಶಾಯಿಪೆನ್ನುಗಳು ಎಬೊನೈಟಿನವು, ಅಂದರೆ ರಬ್ಬರಿಗೆ ಹೇರಳ ಗಂಧಕ ಸೇರಿಸಿ ಬೇಯಿಸಿದ ಗಟ್ಟಿ ವಸ್ತು. ಅದರ ಸಹಜ ಬಣ್ಣ ಕಪ್ಪು, ಹೆಚ್ಚೆಂದರೆ ಇಟ್ಟಿಗೆಗೆಂಪು ಬೆರೆಸಬಹುದು. ಪಾರ್ಕರ್ ಕಂಪನಿ 1921ರಲ್ಲಿ ತನ್ನ ಡುವೋಫೋಲ್ಡನ್ನು ಕೆಂಪಾಗಿ ತಂದದ್ದೇ ಸುದ್ದಿಯಾಯಿತು. 1924ರಲ್ಲಿ ಶೇಫರ್ ಕಂಪನಿ ಸೆಲ್ಯುಲಾಯ್ಡಿನಿಂದ ಪಚ್ಚೆಹಸಿರು ಲೇಖನಿ ಮಾಡಿದ ಮೇಲೆ ಬಾಗಿಲು ಪೂರ್ತಿ ತೆರೆಯಿತು. ಆ ಸೆಲ್ಯುಲಾಯ್ಡ್ ಬೆಂಕಿ ಕಂಡರೆ ಹೊತ್ತಿಕೊಳ್ಳುವಂಥದ್ದು, ಆದರೂ ಜನ ಜೇಬಿನಲ್ಲಿಟ್ಟುಕೊಂಡರು. ಎಬೊನೈಟ್ ಬಿಸಿಲಿಗೆ ಕಂದುತ್ತದೆ. ರಾಳ ಕಂದುವುದು ಕಡಿಮೆ, ಶಾಯಿಗೆ ಉಬ್ಬುವುದಿಲ್ಲ. ಗುಣವಿದೆ. ನಮ್ಮ ತಕರಾರು ಬಣ್ಣದ ಮೇಲಲ್ಲ, ಬಣ್ಣ ಕೂತ ಜಾಗದ ಮೇಲೆ.

ಇದನ್ನು ವಿವರಿಸಲು ದೂರ ಹೋಗಬೇಕಿಲ್ಲ, ವಿಜಾಪುರಕ್ಕೆ ಹೋದರೆ ಸಾಕು. ಬಣ್ಣವನ್ನು ಸುಳಿಸುವ ಕಲೆ ಆದಿಲ್‌ಶಾಹಿಗಳ ಆ ಊರಿಗೆ ಹೊಸತಲ್ಲ. ಮಂದವಾದ ದ್ರವದ ಮೇಲೆ ಬಣ್ಣಗಳನ್ನು ತೇಲಬಿಟ್ಟು, ಬಾಚಣಿಗೆಯಂಥ ಸಾಧನದಿಂದ ಎಳೆದು, ಮೇಲೆ ಕಾಗದ ಹಾಸಿ ಎತ್ತಿದರೆ ಆ ಸುಳಿಯೆಲ್ಲ ಕಾಗದಕ್ಕೆ ಬರುತ್ತದೆ. ಫಾರಸಿಯಲ್ಲಿ ಇದಕ್ಕೆ ಅಬ್ರಿ ಎಂದು ಹೆಸರು, ಮೋಡದಂಥದ್ದು ಎಂದರ್ಥ. ಈ ಕಾಗದವನ್ನು ಹೆಚ್ಚಾಗಿ ಬಳಸಿದ್ದು ಹಾಶಿಯಾಕ್ಕೆ, ಅಂದರೆ ಅಂಚಿಗೆ. ನಡುವೆ ಖತ್ತಾತನ ಅಕ್ಷರ, ಸುತ್ತ ಮೋಡ. ಕಣ್ಣು ಮೋಡದ ಮೇಲೆ ಒಂದು ಗಳಿಗೆ ಆಡಿ ಅಕ್ಷರಕ್ಕೆ ಬಂದು ನಿಲ್ಲುತ್ತಿತ್ತು.

ವಿಜಾಪುರದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಸುಮಾರು 1625ರದ್ದೆಂದು ಹೇಳುವ, ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿರುವ ಒಂದು ಚಿತ್ರವಿದೆ. ಎಲುಬು ಎದ್ದ ಬಡಕಲು ಕುದುರೆ, ಅದರ ಮೇಲೊಬ್ಬ ಸವಾರ. ನಾವು ನೋಡಿದ್ದು ಅದರ ಅಚ್ಚನ್ನು ಮಾತ್ರ. ಅಲ್ಲಿ ಅಬ್ರಿಯ ಸುಳಿ ಅಂಚಿನಲ್ಲಿ ಕೂತಿಲ್ಲ, ಚಿತ್ರದ ಕೆಲಸಕ್ಕೇ ಇಳಿದಿದೆ. ಆಕಸ್ಮಿಕವಾಗಿ ಹುಟ್ಟಿದ ಗೆರೆಗೆ ಕಲಾವಿದ ಒಂದು ದುಡಿಮೆ ಕೊಟ್ಟಿದ್ದಾನೆ. ಹಸಿವನ್ನು ಆ ಬಣ್ಣದ ಅಲೆಗಳಿಂದ ಹೇಳಿಸಿದ್ದಾನೆ. ಸುಳಿ ಚೆಂದ ಎಂದು ಸುಮ್ಮನೆ ಬಿಟ್ಟಿಲ್ಲ.

ಸುಳಿಯನ್ನು ಒಪ್ಪಿಕೊಳ್ಳಲು ನಮಗೆ ಗೊತ್ತಿರುವುದು ಈ ಎರಡೇ ದಾರಿ. ಅದು ಅಂಚಿನಲ್ಲಿರಬೇಕು, ಇಲ್ಲವೇ ದುಡಿಯಬೇಕು. ರಾಳದ ಲೇಖನಿಯಲ್ಲಿ ಹಾಶಿಯಾ ಬೆಳೆದು ಬೆಳೆದು ಇಡೀ ಪುಟವನ್ನೇ ನುಂಗಿದೆ. ಬರೆಯಲು ಜಾಗವೇ ಉಳಿದಿಲ್ಲ.

ಬೀದರಿನವರು ಇದನ್ನು ಇನ್ನೊಂದು ರೀತಿಯಲ್ಲಿ ಬಗೆಹರಿಸಿಕೊಂಡಿದ್ದರು. ಬಿದರಿ ಕೆಲಸದ ಕಲಮ್‌ದಾನ್‌ಗಳು, ಅಂದರೆ ಲೇಖನಿ ಇಡುವ ಪೆಟ್ಟಿಗೆಗಳು, ಹಲವು ಮ್ಯೂಸಿಯಮ್ಮುಗಳಲ್ಲಿವೆ. ಕಪ್ಪು ಲೋಹದ ಮೈತುಂಬ ಬೆಳ್ಳಿಯ ಹೂಬಳ್ಳಿ. ಅದರೊಳಗೆ ಮಲಗುತ್ತಿದ್ದದ್ದು ಮಾತ್ರ ಒಂದು ಬಡ ಲಾಳದಕಡ್ಡಿ. ಕಾತಿಬ್ ಅದನ್ನು ತಾನೇ ಸೀಳಿ, ಪುಟ್ಟ ಎಲುಬಿನ ಪಟ್ಟಿಯ ಮೇಲಿಟ್ಟು, ಓರೆಯಾಗಿ ತುದಿ ಕತ್ತರಿಸಿಕೊಳ್ಳುತ್ತಿದ್ದ. ಆ ಕತ್ತರಿಸುವ ಕೋನದಲ್ಲೇ ನಸ್ತಾಲೀಕ್ ಲಿಪಿಯ ದಪ್ಪ ತೆಳುವೆಲ್ಲ ಅಡಗಿತ್ತು. ಶೃಂಗಾರ ಮನೆಗೆ, ಬರೆಯುವ ಕಡ್ಡಿಗೆ ಬರೀ ಹರಿತ. ಸವೆದರೆ ಮತ್ತೆ ಕತ್ತರಿಸು, ಗಿಡ್ಡವಾದರೆ ಎಸೆ. ಲಾಳದಕಡ್ಡಿಯನ್ನು ಶೋಕೇಸಿನಲ್ಲಿಡು ಎಂದು ಯಾವ ಅಕ್ಕನೂ ಹೇಳಿರಲಾರಳು.

ಉರ್ದು ಶಾಲೆಯಲ್ಲಿ ನಮಗೆ ಅಕ್ಷರ ತಿದ್ದಿಸಿದ ಮೌಲ್ವಿ ಸಾಹೇಬರ ಹತ್ತಿರ ಅಂಥ ಕಡ್ಡಿಗಳಿದ್ದವು. ನಾವೆಲ್ಲ ಬಳಪ ಹಿಡಿದವರು, ಕಡ್ಡಿ ನಮ್ಮ ಪಾಲಿಗೆ ನೋಡುವ ವಸ್ತು. ವಾರಕ್ಕೊಮ್ಮೆ ಅವರು ಒಂದು 'ನೂನ್' ಬರೆದು ತೋರಿಸುತ್ತಿದ್ದರು. ಪವಿತ್ರ ಕುರ್‌ಆನಿನ 68ನೆಯ ಅಧ್ಯಾಯಕ್ಕೆ ಕಲಮ್ ಎಂದೇ ಹೆಸರು, ಅದು ಆರಂಭವಾಗುವುದು ಆ ಅಕ್ಷರದಿಂದ ಎಂದು ಹೇಳಿ, ಮೊಟ್ಟಮೊದಲು ಅವತೀರ್ಣವಾದ ವಚನಗಳಲ್ಲೇ ಲೇಖನಿಯ ಪ್ರಸ್ತಾಪ ಬಂದದ್ದನ್ನು ನೆನಪಿಸುತ್ತಿದ್ದರು. ಮಧ್ಯಾಹ್ನ ಕನ್ನಡ ಮೇಷ್ಟ್ರ ತರಗತಿ. ಆ ಭಾಷೆಯೂ ಇದೇ ಅಂಗಡಿಯಿಂದ ಸಾಮಾನು ಕೊಂಡಿದೆ ಎಂದು ನಮಗೆ ತಿಳಿದದ್ದು ಬಹಳ ತಡವಾಗಿ. ದವಾತ್ ಕನ್ನಡದಲ್ಲಿ ದೌತಿಯಾಯಿತು, ಸಿಯಾಹಿ ಶಾಯಿಯಾಯಿತು. ಕಲಮ್ ಮಾತ್ರ ಪೊಲೀಸ್ ಠಾಣೆಗೆ ಹೋಗಿ ಸೇರಿಕೊಂಡಿತು: ಇಂಥ ಕಾಯಿದೆಯ ಇಂಥ ಕಲಂ! ಕನ್ನಡದ ಸಾಮಾನ್ಯ ಓದುಗನಿಗೆ ಕಲಂ ಎಂದರೆ ಇಂದೂ ಕೇಸು ನೆನಪಾಗುತ್ತದೆ, ಲೇಖನಿಯಲ್ಲ.

ಮತ್ತೆ ಲೇತಿಗೆ ಬರೋಣ. ಕಡೆಯುವ ಕಸುಬು ಮತ್ತು ರಾಳ ಕೂಡಿದ ಊರು ನಮ್ಮಲ್ಲೇ ಒಂದಿದೆ, ಚನ್ನಪಟ್ಟಣ. ಅರಗು ಎಂದರೆ ರಾಳವೇ, ಒಂದು ಸಣ್ಣ ಕೀಟ ಕೊಡುವ ರಾಳ. ಟಿಪ್ಪು ಸುಲ್ತಾನರ ಕಾಲದಲ್ಲಿ ಪರ್ಷಿಯಾದಿಂದ ಬಂದ ಕುಶಲಿಗಳು ಈ ವಿದ್ಯೆ ತಂದರೆಂಬುದು ಅಲ್ಲಿಯ ಮಾತು. ಅದನ್ನು ಬೆಳೆಸಿದ ಬಾವಾಸ್ ಮಿಯಾನ್ ಅವರ ಹೆಸರನ್ನು ಊರಿನವರು ಈಗಲೂ ಗೌರವದಿಂದ ಹೇಳುತ್ತಾರೆ. ಹಾಲೆಮರದ ತುಂಡು ಲೇತಿನಲ್ಲಿ ಸುತ್ತುತ್ತಿರುವಾಗ ಬಣ್ಣದ ಅರಗಿನ ಕೋಲನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಒಣಗಿದ ಕೇದಗೆಯ ಗರಿಯಿಂದ ಒತ್ತಿದರೆ ಹೊಳಪು. ಇಲ್ಲಿ ಕೆಂಪು ಎಲ್ಲಿ ನಿಲ್ಲಬೇಕು, ಹಳದಿಯ ಪಟ್ಟಿ ಎಷ್ಟು ಅಗಲ, ಎರಡರ ನಡುವೆ ಮರದ ಬಣ್ಣವನ್ನೇ ಒಂದು ಗೆರೆಯಷ್ಟು ಬಿಡಬೇಕೇ ಎಂಬುದೆಲ್ಲ ಆ ಗಳಿಗೆಯಲ್ಲಿ, ಸುತ್ತುವ ಮರದ ಎದುರಿನಲ್ಲಿ, ಕಡೆಯುವವನ ಕೈಯಲ್ಲಿ ತೀರ್ಮಾನವಾಗುತ್ತದೆ. ಅರಗು ಮರದ ಮೈಗೆ ತೊಡಿಸಿದ ಅಂಗಿ, ಮೈ ಬೇರೆಯೇ ಇದೆ. ಅಮೆರಿಕದ ಬ್ಲ್ಯಾಂಕಿನಲ್ಲಿ ಮೈಯೂ ಅಂಗಿಯೂ ಒಂದೇ. ಅಲಂಕಾರ ಲೇತಿಗೆ ಬರುವ ಮೊದಲೇ ಮುಗಿದಿರುತ್ತದೆ. ಕಡೆಯುವವನು ಅದರ ಮುಸುಕು ತೆಗೆಯುತ್ತಾನೆ, ಅಷ್ಟೆ.

ಈ ಮಾತನ್ನು ಬರೆಯುವಾಗ ನಮ್ಮ ಕೈ ಒಂದು ಕ್ಷಣ ನಿಂತಿತು. ಲೇಖನಿ ಬಿಟ್ಟು ಬರವಣಿಗೆಯ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗುವುದು ಅಪ್ರಾಮಾಣಿಕತೆಯಾದೀತು.

ನಾವು ಕನ್ನಡದಲ್ಲಿ ಕಥೆ ಬರೆಯಲು ಕೂತ ಮೊದಲ ವರ್ಷಗಳಲ್ಲಿ ಮಾಡಿದ್ದೂ ಇದನ್ನೇ. ಅಮ್ಮೀಜಾನ್, ಅತ್ತರು, ಮೆಹಂದಿ, ಸುರ್ಮಾ, ಪರದೆ, ಬಿರಿಯಾನಿಯ ಘಮ, ಎರಡು ಸಾಲಿಗೊಂದು ಉರ್ದು ಮಾತು. ಇವೆಲ್ಲ ಮೊದಲೇ ಹೊಯ್ದಿಟ್ಟ ಬಣ್ಣದ ಸುಳಿಗಳು. ನಾವು ಬ್ಲ್ಯಾಂಕನ್ನು ಕೊಂಡು ತಂದು ಕನ್ನಡದ ಲೇತಿನ ಮೇಲೆ ಒಂದಿಷ್ಟು ಕಡೆದು ಹೊಳಪು ಕೊಡುತ್ತಿದ್ದೆವು. ಓದುಗರು ಮೆಚ್ಚಿದರು. ಬೇರೆ ಲೋಕವೊಂದು ತೆರೆಯಿತು ಎಂದು ಪತ್ರ ಬರೆದರು. ಆ ಲೋಕವನ್ನು ನಾವು ತೆರೆದಿರಲಿಲ್ಲ, ಅಂಚಿನ ಮೋಡವನ್ನು ತೋರಿಸಿದ್ದೆವು. ಆ ಕಥೆಗಳ ಅಮ್ಮೀಜಾನ್ ಯಾವ ತೀರ್ಮಾನವನ್ನೂ ಮಾಡುವುದಿಲ್ಲ, ಸುಮ್ಮನೆ ಪರಿಮಳ ಬೀರುತ್ತಾಳೆ. ರೇಷನ್ ಅಂಗಡಿಯ ಸಾಲಿನಲ್ಲಿ ನಿಂತ, ಮಗಳ ಕಾಲೇಜು ಫೀಸಿಗೆ ಓಲೆ ಅಡವಿಟ್ಟ ನಮ್ಮ ಸ್ವಂತ ತಾಯಿ ಅವುಗಳಲ್ಲಿ ಎಲ್ಲೂ ಇಲ್ಲ. ಒಬ್ಬ ಹಿರಿಯ ಕನ್ನಡ ಲೇಖಕರು ಒಮ್ಮೆ ನಮ್ಮ ಹಸ್ತಪ್ರತಿ ಓದಿ, "ಭಾಷೆ ತುಂಬ ಚೆನ್ನಾಗಿದೆ, ಕಥೆ ಯಾರದು?" ಎಂದು ಕೇಳಿದ್ದರು. ಆಗ ಸಿಟ್ಟು ಬಂದಿತ್ತು. ಸುಳಿ ಯಾರದು, ಕಡ್ಡಿ ಯಾರದು ಎಂದು ನಾವು ಹುಡುಗನ ಲೇಖನಿಗೆ ಹಾಕಿದ ಲೆಕ್ಕವನ್ನೇ ಅವರು ನಮಗೆ ಹಾಕಿದ್ದರು.

ಇರಲಿ. ಬ್ಲ್ಯಾಂಕು, ಕಿಟ್ಟುಗಳ ಲೋಕದಲ್ಲಿ ಇನ್ನೊಂದು ವಸ್ತುವಿನ ಬಗ್ಗೆ ಹೇಳಲೇಬೇಕು. ಬಂದೂಕಿನ ಖಾಲಿ ಕಾಡತೂಸಿನಿಂದ, ಅಥವಾ ಅದರ ಆಕಾರದಲ್ಲಿ, ಮಾಡಿದ ಲೇಖನಿಗಳು ಅಮೆರಿಕದಲ್ಲಿ ಬಹಳ ಜನಪ್ರಿಯ. ಕ್ಲಿಪ್ಪು ಪುಟಾಣಿ ರೈಫಲ್ಲಿನ ರೂಪದ್ದು. ಬೋಲ್ಟನ್ನು ಎಳೆದು ತಳ್ಳಿದರೆ, ಬಂದೂಕಿಗೆ ಗುಂಡು ಏರಿಸಿದ ಹಾಗೆ, ಕಡ್ಡಿ ಹೊರಗೆ ಬರುತ್ತದೆ. ಅದಕ್ಕೆ ತಕ್ಕಂತೆ ಸೈನಿಕರ ಸಮವಸ್ತ್ರದ ಹಸಿರು ಕಂದಿನ ರಾಳದ ಬ್ಲ್ಯಾಂಕೂ ಸಿಗುತ್ತದೆ. ಖಡ್ಗಕ್ಕಿಂತ ಲೇಖನಿ ಹರಿತ ಎಂದು ಶಾಲೆಯಲ್ಲಿ ಭಾಷಣ ಮಾಡಿದ ನಮ್ಮಂಥವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಇಲ್ಲಿ ಇಬ್ಬರಿಗೂ ನಿಕಾಹ್ ಆಗಿಬಿಟ್ಟಿದೆ. ಹುಡುಗನಿಗೆ ಕೇಳಿದಾಗ ಅವನು ತುಸು ಮುಜುಗರದಿಂದ, "ಮಾಮೂ, ಅಲ್ಲಿ ಅದೇ ಜಾಸ್ತಿ ಖರ್ಚಾಗುತ್ತೆ. ನಾನು ಒಂದೂ ಮಾಡಿಲ್ಲ" ಎಂದ. ನಂಬಿದೆವು. ಆದರೆ ಸುಳಿಯ ಲೇಖನಿಗೂ ಕಾಡತೂಸಿನ ಲೇಖನಿಗೂ ಇರುವ ದೂರ ನಾವಂದುಕೊಂಡಷ್ಟು ಇಲ್ಲ. ಲೇಖನಿಗೆ ಬರೆಯುವುದು ಮುಖ್ಯವಲ್ಲ ಎಂದಾದ ಮೇಲೆ ಅದರ ಮೇಲೆ ಏನನ್ನು ಬೇಕಾದರೂ ಹೊರಿಸಬಹುದು. ಇಂದು ಸಮುದ್ರದ ನೀಲಿ, ನಾಳೆ ರೈಫಲ್ಲು.

ಕಿಟ್ಟನ್ನೇ ಬಿಟ್ಟವರೂ ಅದೇ ಜನರ ನಡುವೆ ಇದ್ದಾರೆ. ಅವರನ್ನು ಹೊಗಳದಿದ್ದರೆ ಈ ಬರಹ ಅನ್ಯಾಯದ್ದಾಗುತ್ತದೆ. ಹಿತ್ತಾಳೆ ಕೊಳವೆಯಿಲ್ಲ, ಅಳತೆಯ ಬಳೆಗಳಿಲ್ಲ. ರಾಳದ ಅಥವಾ ಎಬೊನೈಟಿನ ಸರಳನ್ನು ಒಳಗೂ ಹೊರಗೂ ಕಡೆದು, ಟ್ಯಾಪು ಡೈಗಳಿಂದ ಮರೆ ಕೊರೆದು, ಮುಚ್ಚಳಕ್ಕೆ ಮೂರು ಸುತ್ತಿನ ಮರೆ ಒಟ್ಟಿಗೇ ಆರಂಭವಾಗುವ ಹಾಗೆ ಮಾಡುತ್ತಾರೆ. ಒಂದು ಸುತ್ತು ತಿರುಗಿಸಿದರೆ ಮುಚ್ಚಳ ಬಿಚ್ಚಿಬರಲಿ, ಬರೆಯುವವನ ಯೋಚನೆ ಹಾರಿಹೋಗದಿರಲಿ ಎಂದು. ನಿಬ್ಬು ಮಾತ್ರ ಹೆಚ್ಚಾಗಿ ಜರ್ಮನಿಯ ಯೋವೊ, ಬಾಕ್ ಕಂಪನಿಗಳದು. ಗೋಡೆ ಎಷ್ಟು ತೆಳುವಾಗಬೇಕು, ಬೆರಳು ನಿಲ್ಲುವಲ್ಲಿ ಎಷ್ಟು ತಗ್ಗು, ಮೈ ಎಷ್ಟು ಉದ್ದವಾದರೆ ಅಂಗೈಯಲ್ಲಿ ತೂಗುತ್ತದೆ ಎಂಬ ತೀರ್ಮಾನಗಳೆಲ್ಲ ಅವರವು. ಇಂಥ ಲೇಖನಿಯ ಮೇಲೂ ಸುಳಿಯಿರಬಹುದು. ಆದರೆ ಅಲ್ಲಿ ಸುಳಿ ತನ್ನ ಜಾಗದಲ್ಲಿರುತ್ತದೆ. ಬೆಂಗಳೂರಿನ ಒಬ್ಬ ಗೆಳೆಯರ ಬಳಿಯಿದ್ದ ಅಂಥ ಒಂದನ್ನು ಹಿಡಿದು ನಾಲ್ಕು ಸಾಲು ಬರೆದೆವು. ಬಣ್ಣ ಯಾವುದೆಂದು ಈಗ ನೆನಪಿಲ್ಲ.

ಇದೂ ನಮ್ಮ ದೇಶಕ್ಕೆ ಹೊಸತಲ್ಲ. ರಾಜಮಂಡ್ರಿಯ ಕೆ.ವಿ. ರತ್ನಂ 1930ರ ದಶಕದ ಆರಂಭದಲ್ಲಿ ಸ್ವದೇಶಿ ಪೆನ್ನು ಮಾಡಲು ಹೊರಟು, ಅದನ್ನು ಜೆ.ಸಿ. ಕುಮಾರಪ್ಪನವರ ಮೂಲಕ ಗಾಂಧೀಜಿಗೆ ಕಳಿಸಿದರು. 1935ರ ಜುಲೈನಲ್ಲಿ ವಾರ್ಧಾದಿಂದ ಗಾಂಧೀಜಿ ಉತ್ತರ ಬರೆದರು. ಆ ಪತ್ರದಲ್ಲಿ ನಮ್ಮ ಗಮನ ಸೆಳೆದದ್ದು ಒಂದೇ: ಬಳಸಿ ನೋಡಿದೆ, ಬಜಾರಿನ ಪೆನ್ನುಗಳಿಗೆ ಬದಲಾಗಿ ಇದು ಆದೀತು ಎಂಬರ್ಥದ ಮಾತು. ಚೆಂದವಾಗಿದೆ ಎಂದು ಅವರು ಬರೆಯಲಿಲ್ಲ. ಬಳಸಿ ನೋಡಿದ ಮೇಲೆ ಬರೆದರು. ಲೇಖನಿ ವಿಮರ್ಶೆಗೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕೇ? ಎಬೊನೈಟ್ ಸರಳುಗಳನ್ನು ಲೇತಿನ ಮೇಲೆ ಕಡೆದು ಪೆನ್ನು ಮಾಡುವ ಆ ಪರಂಪರೆ ರಾಜಮಂಡ್ರಿಯಲ್ಲೂ, ಚೆನ್ನೈ ಸಮೀಪದ ತಿರುವಳ್ಳೂರಿನಲ್ಲೂ ಬದುಕಿದೆ. ಇಂದು ಅವರೂ ಬಣ್ಣಬಣ್ಣದ ಅಕ್ರಿಲಿಕ್ ಸರಳುಗಳನ್ನು ಕಡೆಯುತ್ತಾರೆ, ಹೊರದೇಶಗಳ ಗಿರಾಕಿಗಳಿಗೆ ಅದು ಬೇಕು. ಆದರೆ ಕೈ ಹಳೆಯದೇ. ಹಿಡಿತ ಕೂಡಿಬರದ ಪೆನ್ನನ್ನು ಆ ಕೈ ಹೊರಗೆ ಬಿಡುವುದಿಲ್ಲ.

ಧೂಳಿನ ವಿಷಯವನ್ನೂ ಸೇರಿಸಬೇಕು. ರಾಳ ಕಡೆಯುವಾಗ ಉದ್ದನೆಯ ರಿಬ್ಬನ್ನಿನಂತೆ ಸಿಪ್ಪೆ ಬಂದರೂ, ಉಜ್ಜುವಾಗ ಏಳುವುದು ನುಣ್ಣನೆಯ ಪುಡಿ. ಪಾಲಿಯೆಸ್ಟರಿನ ಸ್ಟೈರೀನ್ ವಾಸನೆ ತಲೆನೋವು ತರುತ್ತದೆ. ಒಹಾಯೋದ ನಮ್ಮ ಹುಡುಗನಿಗೆ ಮುಖಕ್ಕೆ ಕಟ್ಟುವ ಮುಸುಕು, ಧೂಳು ಎಳೆಯುವ ಯಂತ್ರ, ಕಣ್ಣಿಗೆ ಕವಚ ಎಲ್ಲವೂ ಇದೆ, ಏಕೆಂದರೆ ಅವನಿಗೆ ಇದು ಹವ್ಯಾಸ. ಇದನ್ನೇ ದಿನಗೂಲಿಗೆ ಮಾಡುವವನ ಮೂಗಿಗೆ ಒಂದು ಹತ್ತಿಬಟ್ಟೆ ಸಿಕ್ಕರೆ ಹೆಚ್ಚು. ಹಾಗೆ ಮಾಡಿದವನ ಹೆಸರು ಲೇಖನಿಯ ಮೇಲೂ ಇರುವುದಿಲ್ಲ, ಪೆಟ್ಟಿಗೆಯ ಮೇಲೂ ಇರುವುದಿಲ್ಲ. 'ಕೈಯಿಂದ ಮಾಡಿದ್ದು' ಎಂದು ಅಚ್ಚಾಗಿರುತ್ತದೆ, ಕೈಗೆ ಹೆಸರಿರುವುದಿಲ್ಲ.

ಹಬ್ಬ ಮುಗಿದು ಹುಡುಗ ವಾಪಸು ಹೋದ. ತಿಂಗಳ ನಂತರ ಫೋನು ಮಾಡಿ, "ಮಾಮೂ, ಮುಂದಿನ ಸಲ ಯಾವ ಬಣ್ಣ ತರಲಿ?" ಎಂದು ಕೇಳಿದ. ಬಣ್ಣ ನಿನ್ನ ಇಷ್ಟ, ಮೇಲಿನ ಭಾರ ತೆಗಿ, ಬೆರಳು ನಿಲ್ಲುವ ಕಡೆ ಒಂದಿಷ್ಟು ತಗ್ಗು ಮಾಡು, ಅಷ್ಟು ಉಜ್ಜಬೇಡ ಎಂದೆವು.

"ಕಿಟ್ಟಿನಲ್ಲಿ ಹಾಗೆ ಬರಲ್ಲ ಮಾಮೂ" ಎಂದು ನಕ್ಕ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮ ಬೆರಳಿನ ಅಳತೆ ಕಳಿಸ್ತೀರಾ?" ಎಂದ.

ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರನ್ನೂ ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದೆವು. ಎಳೆದದ್ದು ಆ ನೀಲಿ ಲೇಖನಿಯಿಂದಲೇ. ಎರಡು ಕಡೆ ಜಾರಿತು. ಆ ಜಾರಿದ ಗೆರೆಗಳನ್ನು ಅಳಿಸದೆ ಹಾಗೆಯೇ ಫೋಟೋ ತೆಗೆದು ಕಳಿಸಿದೆವು.